ನಿಮ್ಮ ಪಾಲಿನ ಎರಡು ದಿನ

ಅಪ್ಪಾ,

ನಾವಿಬ್ಬರೂ ತುಳುವಿನಲ್ಲಲ್ಲದೆ ಬೇರೆ ಭಾಷೆಯಲ್ಲಿ ಮಾತಾಡಿಕೊಂಡವರೇ ಅಲ್ಲ. ಆದರೆ ಬರೆಯುವುದೆಂದರೆ ನನಗೆ ಕನ್ನಡವೇ ಬರುತ್ತದೆ. ಶಾಲೆಗೆ ಕಳುಹಿಸಿದವರು ನೀವು, ಈಗ ಓದಿಕೊಳ್ಳುವ ಕಷ್ಟವೂ ನಿಮ್ಮದೇ. ಹೋದ ವಾರ ಆಫೀಸಿನಲ್ಲಿ ನನಗೆ ನಾಲ್ಕು ದಿನದ ರಜೆ ಸಿಕ್ಕಿತು. ಆಫೀಸು ಅಂದೆ, ನಿಮಗೆ ಅದು ಗೊತ್ತಿಲ್ಲ ಅಲ್ಲವೇ? ನೀವು ತೀರಿಕೊಂಡ ಮರುವರ್ಷ ಮಣಿಪಾಲದಲ್ಲಿ ನನಗೆ ಟೈಪಿಸ್ಟ್ ಕೆಲಸವಾಯಿತು. ಬನ್ನಂಜೆಯಲ್ಲಿ ನಿಮ್ಮ ಅಕ್ಕನ ಮನೆಯಲ್ಲಿದ್ದುಕೊಂಡು ಹೋಗಿಬರುತ್ತೇನೆ. ಜೊತೆಯ ಹುಡುಗಿಯರು "ಎರಡು ದಿನ ಮಂಗಳೂರು, ಎರಡು ದಿನ ನಿನ್ನ ಹಳ್ಳಿ, ಆಯ್ತಲ್ಲ ಮಾರಾಯ್ತಿ" ಎಂದು ನನ್ನ ರಜೆಯನ್ನು ಅಲ್ಲಿಯೇ ಹಂಚಿಬಿಟ್ಟರು. ನಾನು ನಕ್ಕೆ. ಆಮೇಲೆ ಟೈಪು ಮಾಡಲು ಕೂತರೆ ಒಂದೇ ಸಾಲನ್ನು ಎರಡು ಸಲ ಹೊಡೆದಿದ್ದೆ.

ಆ ದಸರಾ ರಜೆಯಲ್ಲಿ ನೀವು ಇನ್ನೂ ಬಿಸಿಲಿರುವಾಗಲೇ ಮನೆಗೆ ಬಂದಿರಿ. ನನಗೆ ಆಗ ಹನ್ನೆರಡು ವರ್ಷ. ಅಂಗಳದಲ್ಲಿ ನಿಮ್ಮ ಖಾಕಿ ಅಂಗಿ ಕಂಡು ಅಮ್ಮ ಹೆದರಿ ಓಡಿಬಂದಳು. ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸಿನ ಕಂಡಕ್ಟರನಾದ ಮೇಲೆ ನೀವು ಹಗಲು ಮನೆಯಲ್ಲಿ ಕಂಡದ್ದುಂಟೇ? "ಇಂಜಿನ್ ಬಿಚ್ಚಿದ್ದಾರೆ. ನಾಲ್ಕು ದಿನ ಬಸ್ಸಿಲ್ಲ, ನನಗೂ ಕೆಲಸ ಇಲ್ಲ" ಎಂದಿರಿ. ಎಂಟು ವರ್ಷಗಳಲ್ಲಿ ನಿಮಗೆ ಸಿಕ್ಕಿದ ಮೊದಲ ರಜೆ ಅದು. ಆ ಸಂಜೆ ಜಗಲಿಯಲ್ಲಿ ಕೂತು ನಾವು ಮೂವರು ಆ ನಾಲ್ಕು ದಿನಗಳನ್ನು ಹಂಚಿದೆವು. ಉಡುಪಿಯಲ್ಲಿ ಸಿನಿಮಾ ನೋಡಬೇಕು, ಮಣಿಪಾಲದ ಗುಡ್ಡದ ಮೇಲೆ ಏಳುತ್ತಿರುವ ಕಾಲೇಜಿನ ಕಟ್ಟಡಗಳನ್ನು ನೋಡಬೇಕು ಎಂದು ನಾನು ಹಟ ಹಿಡಿದೆ. "ದಿನಾ ಪೇಟೆಗೆ ಹೋಗುವವನಿಗೆ ರಜೆಯಲ್ಲೂ ಪೇಟೆಯಾ!" ಎಂದು ನಕ್ಕಿರಿ. ಆದರೂ ನನಗಾಗಿ ಎರಡು ದಿನ ಬಿಟ್ಟುಕೊಟ್ಟಿರಿ. ಉಳಿದ ಎರಡು ದಿನ ನಿಮ್ಮವು, ಹಳ್ಳಿಯ ಮನೆಯಲ್ಲಿ. "ಏನು ಮಾಡ್ತೀರಿ ಎರಡು ದಿನ?" ಎಂದು ಅಮ್ಮ ಕೇಳಿದಳು. "ಎಂತ ಮಾಡುವುದು? ಗದ್ದೆ ಬದುವಿನಲ್ಲಿ ಸುಮ್ಮನೆ ನಡೆಯುವುದು. ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಮಲಗುವುದು. ನಮ್ಮ ಮನೆ ಹಗಲು ಹೇಗೆ ಕಾಣ್ತದೆ ಅಂತಲೇ ನನಗೆ ಮರೆತುಹೋಗಿದೆ."

ಅಮ್ಮ ತನಗೆಂದು ಒಂದು ದಿನವನ್ನೂ ಕೇಳಲಿಲ್ಲ. ಅದು ನನಗೆ ಆಗ ಹೊಳೆಯಲೇ ಇಲ್ಲ. ಅವಳ ತವರು ಕಾಪು, ಉಡುಪಿಯಿಂದ ಎಷ್ಟು ದೂರ? ಆದರೆ ಆ ಮನೆಗೆ ನಾವು ಹೋಗದೆ ಏಳು ವರ್ಷವಾಗಿತ್ತು. ಸೋದರಮಾವನ ಮದುವೆಯ ಚಪ್ಪರದಲ್ಲಿ, ನೂರು ಜನರೆದುರು, ಮಾವ ನಿಮ್ಮನ್ನು "ಕಡಲಿಗೆ ಹೆದರಿ ಬಸ್ಸಿನ ಬಾಗಿಲಲ್ಲಿ ನೇತಾಡುವ ಗಂಡಸು" ಎಂದರಂತೆ. ನೀವೂ ಮೀನುಗಾರರ ಮನೆಯಲ್ಲೇ ಹುಟ್ಟಿದವರು. ಊಟ ಮಾಡದೆ ಎದ್ದು ಬಂದಿರಿ. ಅಂದಿನಿಂದ ಅಮ್ಮನಿಗೆ ಹೋಗಬೇಡ ಎಂದು ನೀವು ಹೇಳಲಿಲ್ಲ, ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ. ನಮ್ಮಲ್ಲಿ ಸೋದರಮಾವನೆಂದರೆ ಎಷ್ಟು ದೊಡ್ಡವರು! ನನಗೆ ಮಾತ್ರ ಅವರ ಮುಖವೇ ನೆನಪಿರಲಿಲ್ಲ.

ಮೊದಲ ದಿನ ಮಣಿಪಾಲ ನೋಡಿ ರಾತ್ರಿ ಬನ್ನಂಜೆಯಲ್ಲಿ ನಿಮ್ಮ ಅಕ್ಕನ ಮನೆಯಲ್ಲಿ ಉಳಿದೆವು. ಎರಡನೆಯ ದಿನ ಬೆಳಿಗ್ಗೆ ಉಡುಪಿಯ ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯ ಹಿಂದೆ ಕೂತಿದ್ದ ಹೆಂಗಸೊಬ್ಬಳು ಅಮ್ಮನ ಕೈ ಹಿಡಿದುಕೊಂಡದ್ದು ನೆನಪಿದೆಯೇ? ಕಾಪುವಿನವಳು, ಅಮ್ಮನ ಬಾಲ್ಯದ ಗೆಳತಿ. "ನಿನ್ನ ಅಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ, ಗೊತ್ತುಂಟಾ ನಿನಗೆ? ಅಂಗಳದಲ್ಲಿ ಯಾರು ನಡೆದರೂ ನಿನ್ನ ಹೆಸರು ಹಿಡಿದು ಕರೀತಾರೆ" ಎಂದಳು. ಅಮ್ಮ ಬಂಗುಡೆ ಆರಿಸಿ ಚೀಲಕ್ಕೆ ಹಾಕಿಕೊಂಡಳು. ನೀವು ಹಿಂದೆಯೇ ನಿಂತಿದ್ದಿರಿ. ಕೇಳಿಸಿತೋ ಇಲ್ಲವೋ…

ಮಧ್ಯಾಹ್ನ ಸಿನಿಮಾಕ್ಕೆ ಹೋದೆವು. ನಾನು ಪರದೆಯನ್ನು ನುಂಗುವಂತೆ ನೋಡುತ್ತಿದ್ದೆ. ನಡುವೆ ಒಮ್ಮೆ ತಿರುಗಿದರೆ ಅಮ್ಮ ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ನಿದ್ದೆಯಲ್ಲ. ಹೊರಗೆ ಬಂದಾಗ ನಾನೇ ಬಾಯಿಬಿಟ್ಟೆ: "ಅಪ್ಪಾ, ಅಮ್ಮ ಸಿನಿಮಾ ನೋಡಲೇ ಇಲ್ಲ. ಇಡೀ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದಳು." ನೀವು ರಸ್ತೆಯ ಬದಿಯಲ್ಲಿ ನಿಂತುಬಿಟ್ಟಿರಿ. ನೀವು ಅಮ್ಮನ ಮುಖವನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ನಾಳೆ ಕಾಪುವಿಗೆ ಹೋಗುವ" ಎಂದಿರಿ.

"ನಾಳೆ ಮನೆಗೆ ಹೋಗುವುದು ಅಲ್ವಾ? ನಿಮ್ಮ ದಿನ ಅದು" ಎಂದಳು ಅಮ್ಮ.

"ನನಗೆ ಒಂದು ದಿನ ಸಾಕು. ಆದರೆ ನಾನು ಒಳಗೆ ಬರುವುದಿಲ್ಲ, ಹೇಳಿದ್ದೇನೆ."

ಮರುದಿನ ಕಾಪುವಿನ ಆ ಮನೆಯ ಅಂಗಳದಲ್ಲಿ ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಹೆಜ್ಜೆ ಸಪ್ಪಳಕ್ಕೆ "ಯಾರು?" ಎಂದರು. ಅಮ್ಮ ಅಂಗಳದ ಅಂಚಿನಲ್ಲೇ ನಿಂತಳು. ನಾನು ಅವಳ ಸೆರಗು ಜಗ್ಗಿದೆ. "ಯಾರು ಅಂತ ಹೇಳಬಾರದಾ?" ಅಜ್ಜಿ ಮತ್ತೆ ಕೇಳಿದರು. ಆಗ ಬೇಲಿಯ ಹೊರಗೆ ನಿಂತಿದ್ದ ನೀವು ಗಟ್ಟಿಯಾಗಿ ಹೇಳಿದಿರಿ: "ನಿಮ್ಮ ಮಗಳನ್ನು ಕರಕೊಂಡು ಬಂದಿದ್ದೇನೆ." ಅಜ್ಜಿ ನಿಮ್ಮ ಕಡೆಗೆ ಮುಖ ತಿರುಗಿಸಿದರು. "ಅಳಿಯನಾ? ನಿಮ್ಮ ಸ್ವರ ಮರೀಲಿಲ್ಲ ನಾನು" ಎಂದರು. ಅಷ್ಟರಲ್ಲಿ ಅಮ್ಮ ಅವರ ಮಡಿಲಿಗೆ ಬಿದ್ದಿದ್ದಳು. ನೀವು ಅಲ್ಲಿ ನಿಲ್ಲಲಿಲ್ಲ, ಕಡಲಿನ ಕಡೆಗೆ ನಡೆದುಬಿಟ್ಟಿರಿ. ನಾನು ನಿಮ್ಮ ಹಿಂದೆ ಓಡಿದೆ.

ದಡದಲ್ಲಿ ಆ ದಿನ ರಂಪಣಿ ಎಳೆಯುತ್ತಿದ್ದರು. ಕಡಲಿಗೆ ಬಿಟ್ಟ ಭಾರೀ ಬಲೆಯನ್ನು ಎರಡು ಸಾಲು ಜನ ಹಗ್ಗ ಹಿಡಿದು ದಡಕ್ಕೆ ಎಳೆಯುವುದನ್ನು ನಾನು ಮೊದಲ ಬಾರಿ ನೋಡುತ್ತಿದ್ದೆ. ನೀವು ದೀಪಸ್ತಂಭದ ಬಂಡೆಯ ಬುಡದಲ್ಲಿ, ಮರಳಿನ ಮೇಲೆ ಕೂತಿರಿ. ಬಲೆ ತುಂಬ ಮೀನು ಬಿದ್ದಿತ್ತಂತೆ, ಒಂದು ಸಾಲು ಜಾರತೊಡಗಿತು. ಆ ಸಾಲಿನ ಮುಂದೆ, ಸೊಂಟದವರೆಗೆ ನೀರಿನಲ್ಲಿ ನಿಂತವರೊಬ್ಬರು "ಕೈ ಕೊಡಿ, ಯಾರಾದರೂ ಕೈ ಕೊಡಿ" ಎಂದು ಕೂಗಿದರು. ನೀವು ಎದ್ದು ಖಾಕಿ ಅಂಗಿಯನ್ನು ಬಿಚ್ಚಿ ನನ್ನ ಕೈಗಿತ್ತು ಓಡಿದಿರಿ. ಆ ಕೂಗಿದವರೇ ನನ್ನ ಮಾವ ಎಂದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು ಅಲ್ಲವೇ? ಗೊತ್ತಿದ್ದೇ ಹೋದಿರಿ. ಅವರ ಬೆನ್ನ ಹಿಂದೆಯೇ ಹಗ್ಗ ಹಿಡಿದು, ಹಿಮ್ಮಡಿ ಮರಳಿಗೆ ಊರಿ, ಒಂದು ಗಂಟೆಗೂ ಹೆಚ್ಚು ಹೊತ್ತು ಎಳೆದಿರಿ. ಟಿಕೆಟು ಹರಿಯುವ ನಿಮ್ಮ ಕೈಗೆ ಆ ಕೆಲಸ ಇಷ್ಟು ಚೆನ್ನಾಗಿ ಬರುತ್ತದೆಂದು ನೀವು ಎಂದೂ ಹೇಳಿರಲಿಲ್ಲ.

ಬಲೆ ದಡಕ್ಕೆ ಬಂದ ಮೇಲೆ ಮಾವ ತಿರುಗಿ ನೋಡಿದರು. ಇಬ್ಬರೂ ಏದುಸಿರು ಬಿಡುತ್ತಿದ್ದಿರಿ. ಮಾವ ನಿಮ್ಮ ಅಂಗೈಯನ್ನು ಎತ್ತಿ ನೋಡಿದರು, ಚರ್ಮ ಕಿತ್ತುಬಂದಿತ್ತು. "ಮನೆಗೆ ಬನ್ನಿ ಭಾವ. ಎಣ್ಣೆ ಹಚ್ಚಬೇಕು" ಎಂದರು. ಅಷ್ಟೇ. ತಪ್ಪಾಯಿತು ಎನ್ನಲಿಲ್ಲ, ನೀವು ಕೇಳಲೂ ಇಲ್ಲ. ಆ ಮನೆಯಲ್ಲಿ ಕೂತು ನೀವು ಎರಡೂ ಹೊತ್ತು ಊಟ ಮಾಡಿದಿರಿ.

ನಾಲ್ಕನೆಯ ದಿನ ಬೆಳಿಗ್ಗೆ ಹೊರಡಲು ಎದ್ದಾಗ ಅಜ್ಜಿ ಅಮ್ಮನ ಕೈ ಬಿಡಲಿಲ್ಲ. ನೀವು ಚೀಲವನ್ನು ಕೆಳಗಿಟ್ಟು "ಇರು, ಇವತ್ತೂ ಇರುವ" ಎಂದಿರಿ. ಅಮ್ಮ ನಿಮ್ಮ ಮುಖ ನೋಡಿದಳು. "ಮನೆ ಎಲ್ಲಿ ಓಡಿಹೋಗ್ತದೆ? ಇನ್ನೊಂದು ರಜೆ ಬರ್ತದೆ" ಎಂದಿರಿ. ಅದರ ಮರುದಿನ ಬೆಳಕು ಹರಿಯುವ ಮೊದಲೇ ಕಾಪುವಿನಿಂದ ನೆಟ್ಟಗೆ ಕೆಲಸಕ್ಕೆ ಹೋದಿರಿ. ಮುಂದಿನ ಮಳೆಗಾಲದಲ್ಲಿ ಅಜ್ಜಿ ಹೋದರು. ಅಮ್ಮ ಆ ಎರಡು ದಿನಗಳನ್ನು ನೆನೆಸಿಕೊಂಡೇ ಅಳು ತಡೆದುಕೊಂಡಳು.

ಆ ಇನ್ನೊಂದು ರಜೆ ಯಾವಾಗ ಬಂತು ಅಪ್ಪಾ? ಮತ್ತೆ ನೀವು ಮನೆಯಲ್ಲಿ ಹಗಲು ಕಳೆದದ್ದು ಕೊನೆಯ ಆ ಕಾಮಾಲೆಯಲ್ಲಿ, ಒಂಬತ್ತು ದಿನ. ಜಗಲಿಯಲ್ಲೇ ಮಲಗಿಸಿದ್ದೆವು. ಆದರೆ ನಿಮಗೆ ಕಣ್ಣು ತೆರೆಯುವ ಶಕ್ತಿ ಇರಲಿಲ್ಲ. ಸಿನಿಮಾ ಬೇಕು ಎಂದು ನಾನು ಹಟ ಹಿಡಿಯದೆ ಇದ್ದಿದ್ದರೆ… ಆದರೆ ಹಿಡಿಯದಿದ್ದರೆ ನಾವು ಉಡುಪಿಗೇ ಹೋಗುತ್ತಿರಲಿಲ್ಲ, ಆ ಮೀನಿನವಳೂ ಸಿಗುತ್ತಿರಲಿಲ್ಲ. ಎಷ್ಟು ಸಲ ಹೀಗೆ ಲೆಕ್ಕ ಹಾಕಿದ್ದೇನೋ. ಯಾವ ಕಡೆಯಿಂದ ಹಂಚಿದರೂ ನಿಮ್ಮ ಪಾಲಿಗೆ ಏನೂ ಉಳಿಯುವುದಿಲ್ಲ.

ಹಾಗಾಗಿ ನಾನು ಮಂಗಳೂರಿಗೆ ಹೋಗುವುದಿಲ್ಲ. ನಾಲ್ಕೂ ದಿನ ನಮ್ಮ ಮನೆಯಲ್ಲೇ ಇರುತ್ತೇನೆ. ಹೋದ ಭಾನುವಾರ ಇದನ್ನು ಹೇಳಲು ಕಾಪುವಿಗೆ ಹೋಗಿದ್ದೆ, ಅಮ್ಮ ಅಲ್ಲಿಗೆ ಹೋಗಿ ಒಂದು ವಾರವಾಗಿತ್ತು. ಮಾವ ಬಲೆಯ ತೂತು ಹೊಲಿಯುತ್ತಾ ಕೂತಿದ್ದರು. ಅವರು ಈವರೆಗೆ ನಮ್ಮ ಮನೆಗೆ ಬಂದವರೇ ಅಲ್ಲ. ನೀವು ಹೋದಾಗಲೂ ಬರಲಿಲ್ಲ, ಬರುವ ಮುಖವಿಲ್ಲ ಎಂದಿದ್ದರಂತೆ. ನನ್ನ ಮಾತು ಮುಗಿಯುವವರೆಗೂ ತಲೆಯೆತ್ತಲಿಲ್ಲ. ಆಮೇಲೆ ಕೇಳಿದರು: "ನಿಮ್ಮ ಮನೆಯಲ್ಲಿ ನನಗೆ ಮಲಗಲು ಜಾಗ ಉಂಟಾ ಮಗಾ?"

"ಉಂಟು ಮಾವ" ಎಂದೆ.

"ಆವತ್ತು ನಾನು ಕೂಗಿದ್ದಕ್ಕೆ ಭಾವ ಬಂದು ಹಗ್ಗ ಹಿಡಿದರು. ನಾನು ಒಂದು ಮಾತು ಹೇಳಬೇಕಿತ್ತು. ಹೇಳದೆ ಇಷ್ಟು ವರ್ಷ ಕಳೆದೆ. ಅವರ ಮನೆಗಾದರೂ ಹೋಗಿ ಹೇಳ್ತೇನೆ."

ನಾಡಿದ್ದು ಮಧ್ಯಾಹ್ನದ ಬಸ್ಸಿನಲ್ಲಿ ಅಮ್ಮನೂ ಮಾವನೂ ಬರುತ್ತಾರೆ. ನೀವಿದ್ದಿದ್ದರೆ ಅವರನ್ನು ಕರೆತರಲು ರಸ್ತೆಯವರೆಗೆ ನೀವೇ ಹೋಗುತ್ತಿದ್ದಿರಿ. ನಾನು ಹೋಗಿ ನಿಲ್ಲುತ್ತೇನೆ, ಅಪ್ಪಾ.

ನಿಮ್ಮ
ವಾರಿಜ