ಬಲತುದಿಯ ಖಾಲಿ ಬಿಲ್ಲೆ

ಮಾರ್ಚ್ ೯, ಭಾನುವಾರ

ಪದ ಕಟ್ಟುವ ಆಟದ ಫೈನಲ್‌ನಲ್ಲಿ ಸೋತೆ. ಹೊಟ್ಟೆ ಉರಿಯುತ್ತಿರುವುದು ಸೋತಿದ್ದಕ್ಕಲ್ಲ. ಯಾವ ಅಕ್ಷರವಾಗಿ ಬೇಕಾದರೂ ಆಡಬಹುದಾದ ಖಾಲಿ ಬಿಲ್ಲೆ ಮೊದಲ ಸರದಿಯಲ್ಲೇ ಸಿಕ್ಕಿತ್ತು. ದೊಡ್ಡ ಪದಕ್ಕೆಂದು, ಎದುರಾಳಿಗೆ ಬಿಲ್ಲೆಗಳ ಬೆನ್ನಷ್ಟೇ ಕಾಣುವ ನನ್ನ ಪಟ್ಟಿಯ ಬಲತುದಿಯಲ್ಲಿ ಕಾದಿಟ್ಟುಕೊಂಡೆ. ಎದುರಿಗಿದ್ದ ಔಷಧಿ ಅಂಗಡಿಯವರು ಹೆಚ್ಚು ಅಂಕದ ಮನೆಗಳನ್ನೆಲ್ಲ ಪುಟ್ಟ ಪುಟ್ಟ ಪದ ಹಾಕಿ ಮುಚ್ಚುತ್ತಲೇ ಹೋದರು.

ಕೈಕುಲುಕುವಾಗ ನಕ್ಕರು. "ಖಾಲಿ ಬಿಲ್ಲೇನ ಯಾವಾಗ್ಲೂ ಬಲತುದೀಲೇ ಇಡ್ತೀರಾ ಅಂತ ಮೊದ್ಲೇ ಗೊತ್ತಿತ್ತು ಬಿಡಿ, ಮೇಡಂ."

ಆ ಮನುಷ್ಯನ ಜೊತೆ ಹಿಂದೆ ಒಂದಾಟವೂ ಆಡಿಲ್ಲ. ನನ್ನ ಈ ಚಾಳಿ ಗೊತ್ತಿರುವುದು ಏಳು ವರ್ಷದಿಂದ ದಿನಾ ಎದುರು ಕೂತು ಆಡುವ ತಂಗಿಗೆ ಮಾತ್ರ. ಅವಳ ಕೆಲಸವೂ ಅದೇ ಅಂಗಡಿಯಲ್ಲಿ.

ರಾತ್ರಿ ಊಟವಾದ ಮೇಲೆ ತಂಗಿಯೂ ನಾನೂ ಎಂದಿನಂತೆ ಆಟಕ್ಕೆ ಕೂತೆವು. ಬೇಕೆಂದೇ ಒಂದು ಮಾಮೂಲಿ ಬಿಲ್ಲೆಯನ್ನು ಬಲತುದಿಗಿಟ್ಟು, ಅದನ್ನು ಮುಟ್ಟದೆ ಆಡಿದೆ. ಅವಳ ಕಣ್ಣು ಅಲ್ಲೇ. ಅಂಗಡಿಯವರ ಹಾಗೇ ಹೆಚ್ಚು ಅಂಕದ ಮನೆಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು.

"ಏನಕ್ಕಾ, ಇವತ್ತು ಮಾತೇ ಇಲ್ಲ?"

"ಯೋಚಿಸ್ತಿದೀನಿ. ನೀನಾಡು."

ಈ ಏಳು ವರ್ಷ ಅವಳೆದುರು ಸೋತಾಗಲೆಲ್ಲ, ನನ್ನ ತಂಗಿ ಎಷ್ಟು ಜಾಣೆ ನೋಡಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನೇ.