ಅಕ್ಕಿ ಡಬ್ಬದ ಮಾಂಬಳ

ಎರಡನೆಯ ವೈಶಾಖದ ನಲವತ್ತನೆಯ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿ ಸುನಂದಮ್ಮನವರಿಗೆ ವಾರಿಜಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಬೇಸಿಗೆ ಒಂದು ವೈಶಾಖಕ್ಕೆ ಮುಗಿಯುವುದಿಲ್ಲ. ಅದಕ್ಕೇ ಎರಡು ಇಟ್ಟುಕೊಂಡಿದ್ದೇವೆ, ಉದ್ದವಾಗಿಯೇ ಇಟ್ಟುಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ.

ಬಿಸಿಲೇರಿದ ಮೇಲೆ ಊರಿಗೆ ಊರೇ ಮನೆಯೊಳಗೆ ಸೇರುವ ವೇಳೆಯನ್ನು ನಾವು ಬಾಗಿಲಹೊತ್ತು ಎನ್ನುತ್ತೇವೆ. ಮಾಂಬಳಕ್ಕೆ ಮಾವಿನ ರಸವನ್ನು ಚಾಪೆಯ ಮೇಲೆ ಸವರುವುದು ಅದಕ್ಕೂ ಮೊದಲೇ. ಮೇಲೆ ಬಟ್ಟೆ ಕಟ್ಟದಿದ್ದರೆ ರಸ ಒಣಗುವ ಬದಲು ಸೀದುಹೋಗುತ್ತದೆ. ನೀವು ಕಾಗೆ ಓಡಿಸುತ್ತ ಇಡೀ ದಿನ ಅಂಗಳದಲ್ಲೇ ಕೂರುತ್ತಿದ್ದಿರಂತೆ, ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಉಳಿದದ್ದೆಲ್ಲ ನಿಮ್ಮ ಹಾಗೆಯೇ, ಒಂದು ಪದರ ಒಣಗಿ ಬೆರಳಿಗೆ ಅಂಟದಂತಾದ ಮೇಲೆ ಇನ್ನೊಂದು. ಆದರೆ ನಾವು ಬರೀ ಚಾಪೆಯ ಮೇಲೆ ಶುರುಮಾಡುತ್ತಿರಲಿಲ್ಲ. ನೀವು ಮಾಡಿಟ್ಟ ಮಾಂಬಳದ ಒಂದು ತುಂಡಿತ್ತು, ಅದರ ಮೇಲೆಯೇ ಹೊಸ ರಸ ಹೊಯ್ಯುತ್ತಿದ್ದೆವು, ಹಾಲಿಗೆ ಹೆಪ್ಪು ಹಾಕಿದಂತೆ. ಅದಕ್ಕೆ ತಾಯಿತುಂಡು ಎಂದು ಹೆಸರು. ಸುತ್ತಲಿನದನ್ನು ಕತ್ತರಿಸಿ ತಿನ್ನಬಹುದಿತ್ತು, ಅದಕ್ಕೆ ಚಾಕು ತಾಗಿಸುವಂತಿರಲಿಲ್ಲ.

ಕೆಲವು ವರ್ಷಗಳಿಂದ ನಮ್ಮ ಮಾವಿನ ಮರ ಹೂ ಬಿಟ್ಟಿಲ್ಲ. ಸುತ್ತಲಿನದು ಖಾಲಿಯಾಗಿ ತಾಯಿತುಂಡೊಂದೇ ಉಳಿದಿತ್ತು. ಈಗ ನನ್ನ ಸೊಸೆ ಧಾರಿಣಿ ಬಸುರಿ. ತಿಂದದ್ದೆಲ್ಲ ವಾಂತಿಯಾಗಿ ಸೊರಗಿಹೋಗಿದ್ದಳು. ಮೊನ್ನೆ ಮೆಲ್ಲಗೆ, "ಅತ್ತೆ, ಮಾವಿನ್ಹಣ್ ತಿನ್ಕ್ ಅಂದ್ಹೇಳಿ ಆತಿತ್" ಎಂದಳು. ಬಸುರಿಯ ಬಯಕೆ, ಹಣ್ಣೆಲ್ಲಿಂದ ತರಲಿ? ನಾನು ತಾಯಿತುಂಡಿದ್ದ ಅಕ್ಕಿ ಡಬ್ಬಕ್ಕೆ ಕೈಹಾಕಿದೆ. ನನ್ನ ಅಣ್ಣ ಪದ್ಮಯ್ಯ ಅಡ್ಡ ಬಂದ. "ಅದ್ ಹಿರಿಯರದ್ದ್, ಮುಟ್ಟುಕಾಗ."

ನನಗೆ ಸಿಟ್ಟೇ ಬಂತು. ನೀವೇನು ಅದನ್ನು ಪೂಜೆಗೆಂದು ಇಟ್ಟವರೇ? ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕತೆ ಬೇರೆಯೇ ಇದೆ. ಮಕ್ಕಳ ಕೈಗೆ ಸಿಗದಿರಲಿ ಎಂದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು, ಆಮೇಲೆ ನೀವೇ ಮರೆತಿರಂತೆ. ಅದನ್ನೇ ಹೇಳಿ ಅಣ್ಣನ ಬಾಯಿ ಮುಚ್ಚಿಸಿದೆ. ತುಂಡನ್ನು ನೀರಲ್ಲಿ ನೆನೆಸಿ ಕತ್ತರಿಸಿದಾಗ ಎಲ್ಲಕ್ಕಿಂತ ಕೆಳಗಿನ ಕಪ್ಪು ಪದರ ಬಿಚ್ಚಿಕೊಂಡಿತು. ಒಂದು ಮಗ್ಗುಲಲ್ಲಿ ಚಾಪೆಯ ಗೀರುಗಳು, ಇನ್ನೊಂದು ಮಗ್ಗುಲಲ್ಲಿ ಒಣಗಿತೋ ಇಲ್ಲವೋ ಎಂದು ನೀವು ಒತ್ತಿ ನೋಡಿದ ಹೆಬ್ಬೆರಳಿನ ಗುಳಿ. ನನಗೆ ಅಳು ತಡೆಯಲಾಗಲಿಲ್ಲ. ಆ ಚೂರನ್ನು ಅಣ್ಣ ಕೇಳಿ ಇಸಿದುಕೊಂಡ. ದೇವರ ಮುಂದೆ ಇಡುತ್ತಾನೆ ಅಂದುಕೊಂಡೆ, ಬಾಯಿಗೆ ಹಾಕಿಕೊಂಡ. ಉಳಿದದ್ದನ್ನೆಲ್ಲ ಧಾರಿಣಿ ತಿಂದಳು. ವಾಂತಿಯಾಗಲಿಲ್ಲ. ಸಂಜೆಗೆ ತಾನಾಗಿಯೇ ಗಂಜಿ ಕೇಳಿದಳು.

ಈಗ ಡಬ್ಬದಲ್ಲಿ ಅಕ್ಕಿ ಮಾತ್ರ ಇದೆ. ಮರ ಹೂ ಬಿಟ್ಟರೆ ಬರೀ ಚಾಪೆಯ ಮೇಲೆಯೇ ಶುರುಮಾಡುತ್ತೇವೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಈ ಬೇಸಿಗೆಯಲ್ಲಿ ನೀವು ಮಾಡುವ ಮಾಂಬಳಕ್ಕೆ ಬೆಲ್ಲ ಜಾಸ್ತಿ ಹಾಕಬೇಡಿ, ನಮ್ಮ ಬಸುರಿಯ ಬಾಯಿ ಹುಳಿ ಕೇಳುತ್ತದೆ. ಮಕ್ಕಳಿಗೆ ಬೇಕಾದಷ್ಟು ಕೊಡಿ, ಬೈಯಬೇಡಿ. ಒಂದು ತುಂಡನ್ನು ಮಾತ್ರ ಅಕ್ಕಿಯಲ್ಲಿ ಹುಗಿದಿಟ್ಟು, ದಯವಿಟ್ಟು, ಮರೆತುಬಿಡಿ.