ಫಿಟ್ಟರ್ ಮನೆಯ ಪೈಪು

ಫೆಬ್ರವರಿ ೨೩, ಭಾನುವಾರ

ನನ್ನ ಮನೆಯ ಯಜಮಾನರೂ, ಪೈಪ್ ಫಿಟ್ಟರುಗಳ ಸಂಘದ ಮಾಜಿ ಕಾರ್ಯದರ್ಶಿಗಳೂ, ಸದ್ಯಕ್ಕೆ ಮಗಳ ಮನೆಯ ಮಂಚದ ಮೇಲೆ ಕೂತು ಸುತ್ತಲಿನವರಿಗೆಲ್ಲ ಹುಕುಂ ಹೊರಡಿಸುತ್ತಿರುವವರೂ ಆದ ನಿಮಗೆ ನಿಮ್ಮಾಕೆಯ ನಮಸ್ಕಾರ.

ಕಾಗದ ತಡವಾಯಿತು. ಬೈಯಬೇಡಿ. ಬೈದರೂ ಇಲ್ಲಿಗೆ ಕೇಳಿಸುವುದಿಲ್ಲ, ಕಾಗದದ ಸುಖವೇ ಅದು. ಫೋನಿನಲ್ಲಿ ನಾನು ‘ಪೈಪು’ ಅನ್ನುವಷ್ಟರಲ್ಲಿ ನೀವು ಕೂಗಾಡುತ್ತೀರಿ, ಮಗಳು ‘ಬಿ.ಪಿ. ಏರುತ್ತೆ, ಇಡಮ್ಮ ಸಾಕು’ ಅಂತ ಕಸಿದುಕೊಳ್ಳುತ್ತಾಳೆ. ಕಾಗದದ ಬಾಯಿ ಮುಚ್ಚಿಸಲು ನಿಮ್ಮಿಂದಲೂ ಆಗದು. ಮಗಳೇ, ಅಪ್ಪನಿಗೆ ಓದಿ ಹೇಳುವಾಗ ಖಾರ ಬಿಟ್ಟು ಸಪ್ಪೆ ಮಾತ್ರ ಓದಬೇಡ. ಇದ್ದದ್ದನ್ನು ಇದ್ದ ಹಾಗೆ ಓದು.

ಬಲಗೈಯ ಹೆಬ್ಬೆರಳು ಅಲುಗಿತಂತೆ. ಕೇಳಿ ಹೋದ ಜೀವ ಬಂದ ಹಾಗಾಯಿತು. ವ್ಯಾಯಾಮ ಮಾಡಿಸುವ ಹುಡುಗಿಯ ಮೇಲೆ ರೇಗಬೇಡಿ. ಲಕ್ವ ಹೊಡೆದ ಕೈಯನ್ನು ಬೈದು ಎಬ್ಬಿಸಲು ಆಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನಮ್ಮಿಬ್ಬರಿಗೂ ಬಾರದ ವಿದ್ಯೆ. ಮನೆಯ ಪೈಪು ಪೂರ್ತಿ ಬದಲಾಗಿದೆ. ಅಡುಗೆಮನೆ, ಬಚ್ಚಲು, ಮಹಡಿ, ಹಿತ್ತಲು, ಹಳೆಯದರ ಒಂದು ಮೊಳದಲ್ಲೂ ಈಗ ನೀರು ಹರಿಯುವುದಿಲ್ಲ. ಬದಲಾಯಿಸಿದ್ದು ನಿಮ್ಮ ತಂಗಿ. ‘ಅವಳು ರೆಂಚು ಹಾಕಿದ ಮನೆಗೆ ನಾನು ಕಾಲಿಡಲ್ಲ’ ಅಂತ ಮಗಳ ಬಾಯಲ್ಲಿ ಹೇಳಿ ಕಳಿಸಿದ್ದೀರಿ. ಬರುವ ತಿಂಗಳು ಡಾಕ್ಟರು ನಿಮ್ಮನ್ನು ಮನೆಗೆ ಕಳಿಸುತ್ತಾರೆ. ಬರುವುದೋ ಬಿಡುವುದೋ ನಿಮ್ಮ ತೀರ್ಮಾನ. ಆದರೆ ವರದಿ ಕೇಳದೆ ಠರಾವು ಮಾಡಬಾರದು ಅಂತ ಸಂಘದ ಸಭೆಗಳಲ್ಲಿ ಮೇಜು ಗುದ್ದಿ ಹೇಳುತ್ತಿದ್ದವರು ನೀವೇ. ಆದ್ದರಿಂದ ವರದಿ ಕೇಳಿ.

ನೀವು ಆಸ್ಪತ್ರೆಗೆ ಹೋದ ಮೇಲೆ ನಲ್ಲಿಯಲ್ಲಿ ಬರುತ್ತಿದ್ದುದು ನೀರಲ್ಲ, ತುಕ್ಕಿನ ಕಷಾಯ. ಬಿಳಿ ಬಟ್ಟೆ ಒಗೆದರೆ ಕಂದು ಬಟ್ಟೆ ಆಗುತ್ತಿತ್ತು. ಮಹಡಿಗೆ ನೀರು ಏರುವುದು ನಿಂತೇ ಹೋಯಿತು, ಬಕೆಟ್ ಹೊತ್ತು ಹೊತ್ತು ನನ್ನ ಸೊಂಟ ಬಿತ್ತು. ‘ನಾನು ಬರೋ ತನಕ ಯಾರೂ ಮುಟ್ಟಬಾರದು, ನನ್ನ ಪೈಪು ನಾನೇ ನೋಡ್ಕೋತೀನಿ’ ಅಂತ ಅಪ್ಪಣೆ ಕೊಟ್ಟಿದ್ದಿರಿ. ನಾನೂ ಕಾದೆ. ಆಮೇಲೊಂದು ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದು, ‘ಅಮ್ಮಾ, ನಿಮ್ಮ ಗೋಡೆ ತಾನೇ ಬೆವರ್ತಾ ಇರೋದು ಅಂತ ಸುಮ್ಮನಿದ್ದೆ. ಈಗ ನನ್ನ ಗೋಡೆಗೂ ಜ್ವರ ಬಂದಿದೆ’ ಅಂದರು. ಹೋಗಿ ನೋಡಿದರೆ ಅವರ ಪುಸ್ತಕದ ಕಪಾಟಿನ ಹಿಂದೆ ಅಂಗೈ ಒತ್ತಿದರೆ ಗಾರೆ ಒಳಗೆ ಹೋಗುತ್ತದೆ. ನಮ್ಮ ಹಟಕ್ಕೆ ಪಕ್ಕದವರ ಗೋಡೆ ಯಾಕೆ ಬೀಳಬೇಕು?

ಮೊದಲು ಬಂದವನು ಇಸ್ತ್ರಿ ಅಂಗಿಯ ಕಂತ್ರಾಟುದಾರ. ಬೂಟು ಬಿಚ್ಚಲಿಲ್ಲ, ಗೋಡೆ ಮುಟ್ಟಲಿಲ್ಲ, ಮೊಬೈಲಿನಲ್ಲಿ ಲೆಕ್ಕ ಒತ್ತಿದ. ಎಲ್ಲ ಗೋಡೆ ಒಡೆಯಬೇಕು, ಎಲ್ಲ ಟೈಲು ಕೀಳಬೇಕು, ಮನೆ ಖಾಲಿ ಮಾಡಿ ಒಂದು ತಿಂಗಳು ಬೇರೆ ಕಡೆ ಇರಬೇಕು ಅಂದ. ಅವನು ಹೇಳಿದ ಮೊತ್ತಕ್ಕೆ ಮಹಡಿ ಮಾರಬೇಕಿತ್ತು. ‘ಯಾಕಪ್ಪ ಇಷ್ಟು? ಪೈಪೇನು ಬಂಗಾರದ್ದಾ?’ ಅಂದೆ. ‘ಮೇಡಂ, ಪೈಪಿಗೆ ಒಂದು ಪಾಲು, ಗೋಡೆಗೆ ಮೂರು ಪಾಲು’ ಅಂದ. ಮಾತು ನಿಜವೇ. ಖರ್ಚಿರುವುದು ನೀರಿನ ದಾರಿಯಲ್ಲಲ್ಲ, ಆ ದಾರಿ ಹುಡುಕಲು ಒಡೆಯುವುದರಲ್ಲಿ, ಒಡೆದದ್ದನ್ನು ಮತ್ತೆ ಮುಚ್ಚುವುದರಲ್ಲಿ. ಆದರೆ ಒಡೆಯುವ ಸುತ್ತಿಗೆ ಅವನ ಕೈಯಲ್ಲಿ, ಬಿಲ್ಲು ನನ್ನ ಕೈಯಲ್ಲಿ! ಚಹಾ ಕೊಟ್ಟು ಕಳಿಸಿದೆ.

ನಿಮ್ಮ ಸಂಘದವರನ್ನೂ ಕೇಳಿದೆ. ಒಬ್ಬರೂ ಬರಲಿಲ್ಲ. ‘ಅಣ್ಣಾವ್ರ ಮನೆ ಪೈಪಿಗೆ ಅಣ್ಣಾವ್ರಿಲ್ಲದೆ ಕೈ ಹಾಕೋ ಧೈರ್ಯ ನಮಗಿಲ್ಲ’ ಅಂದರು. ಭಕ್ತರನ್ನು ಬೆಳೆಸಿದಿರೇ ಹೊರತು ಸಂಗಾತಿಗಳನ್ನಲ್ಲ.

ಆಗ ನಿಮ್ಮ ತಂಗಿಗೆ ಹೇಳಿ ಕಳಿಸಿದೆ. ಹೌದು, ನಾನೇ.

ನಿಮಗೆ ಅಂಟಿಕೊಂಡೇ ಕಸುಬು ಕಲಿತವಳು ಅವಳು. ಸಂಘದ ಕಾರ್ಡು ಕೇಳಿ ಅರ್ಜಿ ಹಾಕಿದ ದಿನ ನೀವು ಎದ್ದು ನಿಂತು, ‘ಹೆಂಗಸು ಟ್ಯಾಂಕ್ ಮೇಲಿಂದ ಬಿದ್ದರೆ ಜವಾಬ್ದಾರಿ ಯಾರದು? ಇದು ಅಡುಗೆಮನೆ ಅಲ್ಲ’ ಅಂದಿರಿ. ಗಂಡಸರು ಬಿದ್ದಾಗ ಜವಾಬ್ದಾರಿ ಯಾರದು ಅಂತ ಯಾರೂ ಕೇಳಲಿಲ್ಲ. ಅರ್ಜಿ ಬಿದ್ದುಹೋಯಿತು. ಅವತ್ತಿನಿಂದ ಅವಳು ಈ ಹೊಸ್ತಿಲು ತುಳಿದಿರಲಿಲ್ಲ. ಕಾರ್ಡಿಲ್ಲ ಅಂತ ಕಂತ್ರಾಟುದಾರರು ಅವಳಿಗೆ ಕೊಡುವುದು ಅರ್ಧ ಕೂಲಿ, ಮಾಡಿಸುವುದು ಒಂದೂವರೆ ಕೆಲಸ. ಮಾಲೀಕರ ವಿರುದ್ಧ ಗಿರಣಿ ಗೇಟಿನ ಮುಂದೆ ನಾವು ಕೂಗಿದ ಘೋಷಣೆಗಳಲ್ಲಿ ‘ಸಮಾನ ಕೆಲಸಕ್ಕೆ ಸಮಾನ ಕೂಲಿ’ ಅನ್ನುವುದೂ ಒಂದಾಗಿರಲಿಲ್ಲವೇ ಕಾರ್ಯದರ್ಶಿಗಳೇ?

ಬಾಗಿಲಲ್ಲೇ ನಿಂತು ಅವಳಂದ ಮೊದಲ ಮಾತು: ‘ನಾನು ಅಣ್ಣನ ಮನೆ ಅಂತ ಬಂದಿಲ್ಲ, ಅತ್ತಿಗೆ ಮನೆ ಅಂತ ಬಂದಿದ್ದೀನಿ. ಮೊದಲೇ ಹೇಳಿಬಿಡ್ತೀನಿ, ಈ ಊರಲ್ಲಿ ನನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ. ನನ್ನಷ್ಟು ಬಾಯಿ ಕೂಡ ಯಾರೂ ಮಾಡಲ್ಲ.’

‘ಬಾಯಿ ನಿಮ್ಮ ಮನೆತನದ್ದು. ಒಳಗೆ ಬಾ’ ಅಂದೆ.

ಜತೆಗೆ ಉದ್ದಕ್ಕ ಅನ್ನುವವಳು. ಆರಡಿ ಹೆಂಗಸು, ದಿನಕ್ಕೆ ಹತ್ತು ಮಾತು, ಅದರಲ್ಲಿ ಒಂಬತ್ತು ‘ಹೂಂ’. ಇವರಿಬ್ಬರೂ ಮೊದಲ ದಿನ ಉಳಿ ಮುಟ್ಟಲೇ ಇಲ್ಲ. ಮನೆಯ ನಲ್ಲಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ, ಗೋಡೆಗೆ ಕಿವಿಯಿಟ್ಟು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಸೀಮೆಸುಣ್ಣದಲ್ಲಿ ಗೋಡೆಯ ಮೇಲೇ ಗೆರೆ ಎಳೆದರು. ಸಂಜೆ ಹೊತ್ತಿಗೆ ಮನೆ ಮಕ್ಕಳು ಗೀಚಿದ ಸ್ಲೇಟಾಗಿತ್ತು. ಆಮೇಲೆ ನಿಮ್ಮ ತಂಗಿ ಹೇಳಿದ್ದು ಇಷ್ಟು: ಹಳೆ ಪೈಪನ್ನು ಗೋಡೆಯಲ್ಲೇ ಸಾಯಲು ಬಿಡುವುದು. ಹೊಸದನ್ನು ಆದಷ್ಟೂ ಗೋಡೆಯ ಹೊರಗೆ, ಮೂಲೆ ಹಿಡಿದು ಏರಿಸುವುದು. ಬಚ್ಚಲು, ಅಡುಗೆಮನೆಯಲ್ಲಿ ಮಾತ್ರ ಕೊರೆಯುವುದು. ಹೊಸ ಸಾಲು ಪೂರ್ತಿ ಆಗುವ ತನಕ ಹಳೆಯದರಲ್ಲೇ ನೀರು ಬರುತ್ತಿರಬೇಕು, ಒಂದೇ ಒಂದು ದಿನ ನೀರು ನಿಲ್ಲಿಸಿ ಬದಲಾಯಿಸಬೇಕು. ‘ಪೈಪು ಹೊರಗೆ ಕಂಡರೆ ಚೆಂದ ಇರಲ್ಲ ಅತ್ತಿಗೆ’ ಅಂದಳು. ‘ನಾನೂ ಚೆಂದ ಇಲ್ಲ. ನಡೆಸು’ ಅಂದೆ.

ಮೇಷ್ಟ್ರ ಕಡೆಯ ಗೋಡೆಯನ್ನು ಮಾತ್ರ ಪೂರ್ತಿ ಬಿಚ್ಚಲೇಬೇಕಾಯಿತು. ಗಾರೆ ಉದುರಿದ ಮೇಲೆ ಒಳಗೆ ಕಂಡದ್ದನ್ನು ಹೇಗೆ ಹೇಳಲಿ! ನಾಲ್ಕು ಅಡಿ ಕಬ್ಬಿಣ, ಅದಕ್ಕೊಂದು ಹಿತ್ತಾಳೆ ಗಂಟು, ಆಮೇಲೆ ಗೇಣುದ್ದ ತಾಮ್ರ, ಮತ್ತೆ ಕಬ್ಬಿಣ, ಕೊನೆಗೆ ಮೊಣಕೈಯಂತೆ ಬಗ್ಗಿದ, ಅಳತೆಯೇ ಕೂಡದ ಎರಡು ಎಲ್ಬೋ. ಉದ್ದಕ್ಕ ಅವತ್ತಿನ ಹತ್ತನೇ ಮಾತು ಖರ್ಚು ಮಾಡಿದಳು: ‘ಇದೇನು ಪೈಪಾ, ನೆಂಟರ ಮದುವೆ ಗುಂಪಾ?’

ನಿಮ್ಮ ತಂಗಿ ನಗಲಿಲ್ಲ. ಕೂತುಕೊಂಡು ಒಂದೊಂದನ್ನೇ ಬೆರಳಲ್ಲಿ ಮುಟ್ಟುತ್ತಾ ಹೋದಳು. ‘ಈ ತಾಮ್ರ ಹೋಟೆಲ್ಲಿನ ಬಾಯ್ಲರ್ ಕೆಲಸದ್ದು. ಈ ಎಲ್ಬೋ ಆಸ್ಪತ್ರೆದು, ಡೀನ್ ಮನೇಲಿ ಬೇಡ ಅಂತ ಎಸೆದಿದ್ದು. ಈ ತುಂಡು ಗಿರಣಿ ಕ್ವಾರ್ಟರ್ಸಿಂದು. ನಾನೇ ಚೀಲದಲ್ಲಿ ಹೊತ್ಕೊಂಡು ಬಂದಿದ್ದೆ.’

ಕಬ್ಬಿಣಕ್ಕೆ ತಾಮ್ರ ನೇರವಾಗಿ ಕೂಡಿಸಿದರೆ ಕಬ್ಬಿಣ ತಿಂದುಹೋಗುತ್ತದೆ ಅಂತ ಊರಿಗೆಲ್ಲ ಹೇಳಿದವರು ನೀವು. ಬೇರೆಯವರ ಮನೆಯಲ್ಲಿ ಹಾಗೆ ಕಂಡರೆ ಕಿತ್ತೆಸೆಯುತ್ತಿದ್ದಿರಿ. ನಮ್ಮ ಮನೆಗೆ ಮಾತ್ರ ಗೊತ್ತಿದ್ದೂ ಹಾಕಿದಿರಿ. ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಹೋಟೆಲಿಗೆ, ಆಸ್ಪತ್ರೆಗೆ, ಸಾಹೇಬರ ಬಂಗಲೆಗಳಿಗೆ ಬದುಕಿಡೀ ನೀರು ಹರಿಸಿದ ಕೈಗಳಿಗೆ ಸ್ವಂತ ಮನೆಗೊಂದು ಹೊಸ ಪೈಪು ಕೊಳ್ಳುವಷ್ಟು ಕೂಲಿ ಕೊಡದ ಈ ವ್ಯವಸ್ಥೆಯ ಬಾಯಿಗೆ ಆ ತುಕ್ಕನ್ನೇ ಸುರಿಯಬೇಕು ಅನ್ನಿಸಿತು. ಇಂಥ ತುಂಡುಗಳನ್ನು ಕೂಡಿಸಿ ಇಷ್ಟು ವರ್ಷ ಮೂರು ಮಕ್ಕಳಿಗೆ ಸ್ನಾನ ಮಾಡಿಸಿದಿರಲ್ಲ, ಅದಕ್ಕೆ ನಾನು ತಲೆ ಬಾಗುತ್ತೇನೆ. ಮುಖದ ಮೇಲೆ ಹೇಳಿದವಳಲ್ಲ, ಈಗ ಬರೆಯುತ್ತಿದ್ದೇನೆ.

ಇನ್ನೊಂದು ಕೇಳಿ. ಬಚ್ಚಲಿನ ಮೂಲೆಯಲ್ಲಿ ಮೂರು ದಾರಿ ಕೂಡುವಲ್ಲಿ ನೀವು ಮಾಡಿದ ಒಂದು ಜೋಡಣೆ ಸಿಕ್ಕಿತು. ಸುತ್ತಿದ ಸೆಣಬು ಒಣಗಿ ಕಲ್ಲಾಗಿದೆ, ಒಂದು ಹನಿ ಸೋರಿದ ಗುರುತಿಲ್ಲ. ನಿಮ್ಮ ತಂಗಿ ಉದ್ದಕ್ಕನನ್ನು ಕೂಗಿ ಕರೆದು, ‘ನೋಡೇ ಇಲ್ಲಿ, ಕಣ್ಣು ಬಿಟ್ಟು ನೋಡು. ಕೆಲಸ ಅಂದ್ರೆ ಇದು. ಬೀದಿ ಪೂರ್ತಿ ಬಿದ್ದೋದ್ರೂ ಇದು ಬೀಳಲ್ಲ’ ಅಂದಳು. ಉದ್ದಕ್ಕ ‘ಹೂಂ’ ಅಂದಳು. ಅವಳ ಬಾಯಲ್ಲಿ ನಾನು ಕೇಳಿದ ಅತ್ಯಂತ ಗೌರವದ ಹೂಂ ಅದು.

ಕೆಲಸದ ಅಂದವನ್ನು ನಿಮಗಲ್ಲದೆ ಬೇರೆ ಯಾರಿಗೆ ಬರೆಯಲಿ? ತಣ್ಣೀರಿಗೊಂದು, ಬಿಸಿನೀರಿಗೊಂದು, ಎರಡು ಸಾಲೂ ಮೂಲೆ ಹಿಡಿದು ಅಕ್ಕಪಕ್ಕ ಏರುತ್ತವೆ, ನೂಲು ಹಿಡಿದರೂ ಅಷ್ಟು ನೆಟ್ಟಗಿರದು. ನಿಮ್ಮ ತಂಗಿ ಪ್ಲಾಸ್ಟಿಕ್ ಪೈಪಿನ ತುದಿ ಕತ್ತರಿಸಿ, ಸಿಪ್ಪೆ ಕೆರೆದು, ಒರೆಸಿ, ಅಂಟು ಹಚ್ಚಿ, ಒಳಗೆ ತೂರಿಸಿ ಕಾಲು ಸುತ್ತು ತಿರುಗಿಸಿ, ಮಗುವಿನ ಕೈ ಹಿಡಿದಂತೆ ಸುಮ್ಮನೆ ಹಿಡಿದುಕೊಳ್ಳುತ್ತಾಳೆ. ಅಷ್ಟು ಹೊತ್ತು ಆ ಬಾಯಿಯೂ ಮುಚ್ಚಿರುತ್ತದೆ! ಪ್ರತಿ ಕೋಣೆಗೂ ಬೇರೆ ವಾಲ್ವು. ಬಚ್ಚಲಲ್ಲಿ ರಿಪೇರಿ ಬಂದರೆ ಇನ್ನು ಮನೆಯೆಲ್ಲ ಒಣಗಬೇಕಿಲ್ಲ. ಪಾತ್ರೆ ತೊಳೆಯುವ ನಲ್ಲಿಯನ್ನು ಎಷ್ಟು ಎತ್ತರಕ್ಕೆ ಇಡಲಿ ಅಂತ ನನ್ನನ್ನು ನಿಲ್ಲಿಸಿ, ಮೊಣಕೈ ಅಳೆದು ಕೇಳಿದಳು. ಈ ಮನೆಯಲ್ಲಿ ನನಗೆ ಆ ಪ್ರಶ್ನೆ ಹಾಕಿದವರು ಅವಳೇ ಮೊದಲು.

ಗೋಡೆ ಮುಚ್ಚುವ ಮುಂಚೆ ಪರೀಕ್ಷೆ. ತುದಿಗಳಿಗೆಲ್ಲ ಬಿರಡೆ ಹಾಕಿ, ನೀರು ತುಂಬಿ, ಕೈಪಂಪಿನಲ್ಲಿ ಒತ್ತಡ ಏರಿಸಿದರು. ಗಡಿಯಾರದಂಥ ಮೀಟರಿನ ಮುಳ್ಳು ಕೆಳಗಿಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ‘ಇದು ಒಂದು ಕೂದಲೆಳೆ ಇಳಿದರೂ ನನ್ನ ಕಿವಿ ಕತ್ತರಿಸಿ ಕೈಗೆ ಕೊಡ್ತೀನಿ’ ಅಂದಳು. ಮೇಷ್ಟ್ರು ಕುರ್ಚಿ ತಂದು ಹಾಕಿಕೊಂಡು ಮಧ್ಯಾಹ್ನವೆಲ್ಲ ಆ ಮುಳ್ಳನ್ನೇ ನೋಡುತ್ತಾ ಕೂತರು. ಸಂಜೆ ಎದ್ದು, ‘ನಿನ್ನ ಕಿವಿ ಎರಡೂ ನಿನಗೇ ಇರಲಿ ತಾಯಿ’ ಅಂತ ಕೈಮುಗಿದರು. ಮರುದಿನ ಹಳೆ ಸಾಲು ಕಡಿದು ಹೊಸದಕ್ಕೆ ನೀರು ಬಿಟ್ಟರು. ಮಹಡಿಯ ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಬಂತು ನೋಡಿ, ಗಾಜಿನಂಥ ನೀರು! ನಾನು ಬಕೆಟ್ ಇಡುವುದನ್ನೂ ಮರೆತು ನಿಂತಿದ್ದೆ.

ಖರ್ಚು ಕೇಳುತ್ತೀರಿ. ಪೈಪು, ವಾಲ್ವು, ಗಾರೆ, ಬಣ್ಣ, ಇಬ್ಬರ ಕೂಲಿ, ಮೇಷ್ಟ್ರ ಗೋಡೆ, ಎಲ್ಲ ಸೇರಿ ಕಂತ್ರಾಟುದಾರ ಕೇಳಿದ್ದರ ಕಾಲು ಭಾಗಕ್ಕೂ ಕಡಿಮೆ. ಗಿರಣಿಯಿಂದ ನನಗೆ ಬಂದಿದ್ದ ಗ್ರಾಚ್ಯುಟಿಯಲ್ಲಿ ಕೊಟ್ಟೆ, ನಿಮ್ಮದರಲ್ಲಿ ಒಂದು ಕಾಸು ಮುಟ್ಟಿಲ್ಲ. ನಿಮ್ಮ ತಂಗಿಗೆ ಪೂರ್ತಿ ಕೂಲಿ, ಕಾರ್ಡು ಇರುವವರ ಕೂಲಿ ಕೊಟ್ಟೆ. ‘ಜಾಸ್ತಿ ಆಯ್ತು ಅತ್ತಿಗೆ’ ಅಂದಳು. ಜಾಸ್ತಿಯಲ್ಲ, ಅದು ಸರಿಯಾದದ್ದು. ಸರಿಯಾದದ್ದೇ ಜಾಸ್ತಿ ಅನ್ನಿಸುವ ಹಾಗೆ ಅವಳನ್ನು ಮಾಡಿದ್ದು ಯಾರು ಅಂತ ನೀವೇ ಯೋಚನೆ ಮಾಡಿ.

ವರದಿ ಮುಗಿಯಿತು. ಬನ್ನಿ. ನೀವಿಲ್ಲದೆ ಮನೆಯಲ್ಲಿ ಜಗಳಕ್ಕೂ ಜನವಿಲ್ಲ. ಅಥವಾ ಬರಬೇಡಿ, ಆದರೆ ಯಾಕೆ ಬರುವುದಿಲ್ಲ ಅಂತ ಮಗಳ ಬಾಯಲ್ಲಿ ಹೇಳಿಸದೆ ನಿಮ್ಮ ತಂಗಿಯ ಮುಖ ನೋಡಿ ನೀವೇ ಹೇಳಬೇಕು.

ಮಗಳಿಗೆ, ಅಳಿಯನಿಗೆ ಒಳ್ಳೆಯದಾಗಲಿ. ಮೊಮ್ಮಗಳು ಹಟಮಾರಿಯಾಗಿ ಬೆಳೆಯಲಿ. ನಿಮ್ಮ ಕೈಗೆ ಬೇಗ ಬಲ ಬರಲಿ.

ನಿಮ್ಮ ಜತೆ ಲಾಠಿ ತಿಂದವಳು, ನಿಮ್ಮ ಮನೆಯಾಕೆ

ತಾಜಾಕಲಂ: ಇದನ್ನು ಮಗಳ ಕೈಯಲ್ಲಿ ಓದಿಸಬೇಡಿ, ಕನ್ನಡಕ ಹಾಕಿಕೊಂಡು ನೀವೇ ಓದಿ. ಕೆಲಸ ಮುಗಿದ ಮೇಲೆ ಅಂಗಳದ ದೊಡ್ಡ ವಾಲ್ವಿನ ಪಕ್ಕ, ಹಸಿ ಸಿಮೆಂಟಿನಲ್ಲಿ ಫಿಟ್ಟರ್ ತನ್ನ ಕಾರ್ಡಿನ ನಂಬರು ಗೀಚುವುದು ನಿಮ್ಮ ಕಸುಬಿನ ರೂಢಿಯಲ್ಲವೇ? ಈ ಬೀದಿಯ ಎಷ್ಟೋ ಅಂಗಳಗಳಲ್ಲಿ ನಿಮ್ಮ ನಂಬರಿದೆ. ನಮ್ಮ ಅಂಗಳದ್ದು ಹಳೆ ವಾಲ್ವು ಕೀಳುವಾಗ ಒಡೆದುಹೋಯಿತು. ಹೊಸ ಸಿಮೆಂಟು ಮೆತ್ತಿದಾಗ ನಾನೇ ಮೊಳೆ ತಂದು ಅವಳ ಕೈಗಿಟ್ಟೆ.

‘ಏನಂತ ಗೀಚಲಿ ಅತ್ತಿಗೆ? ನನಗೆಲ್ಲಿದೆ ನಂಬರು?’ ಅಂದಳು.

‘ಹೆಸರು ಬರಿ’ ಅಂದೆ.

‘ಬರೆದರೆ ಅಣ್ಣ ಬಂದು ಕೆತ್ತಿ ತೆಗೀಬೇಕಾಗುತ್ತೆ. ಪಾಪ, ಒಂದೇ ಕೈ. ಕಷ್ಟ ಆಗುತ್ತೆ ಅವನಿಗೆ.’

ನಗುತ್ತಲೇ ಹೇಳಿದಳು. ಮೊಳೆಯನ್ನು ನನಗೆ ವಾಪಸು ಕೊಟ್ಟು, ಕರಣೆಯಿಂದ ಆ ಜಾಗವನ್ನು ನಯವಾಗಿ ಸವರಿ, ಎದ್ದು ಹೋದಳು.